ಆರ್ದ್ರ ಲೋಹಖಂಡಗಳು

ಆ ಬೆಳಿಗ್ಗೆ ಷಡಕ್ಷರಪ್ಪನಿಗೆ ಎಡಗೈಯ ಮೇಲಿದ್ದ ಇಷ್ಟಲಿಂಗ ನಡುಗುತ್ತಿರುವಂತೆ ಕಂಡಿತು. ನಡುಗುತ್ತಿರುವುದು ಲಿಂಗವಲ್ಲ, ತನ್ನ ಅಂಗೈ ಎಂದು ತಿಳಿಯುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ವಿಭೂತಿ ಹಚ್ಚಿಕೊಳ್ಳುವಾಗ ಮೂರು ಬೆರಳೂ ಮೂರು ದಿಕ್ಕಿಗೆ ಹೋಗಿ ಹಣೆ ಕೋಳಿ ಕೆದರಿದ ತಿಪ್ಪೆಯ ಹಾಗಾಯಿತು. ಒರೆಸಿಕೊಂಡು ಮತ್ತೆ ಹಚ್ಚಿಕೊಂಡ. ಒಳಗೆ ಅಡುಗೆಮನೆಯಲ್ಲಿ ಉಮಾಮಹೇಶ್ವರಿ ರೊಟ್ಟಿ ತಟ್ಟುವ ಸದ್ದು. ಆ ಸದ್ದು ಸಹ ಯಾರೋ ಬಾಗಿಲು ಬಡಿಯುತ್ತಿರುವಂತೆ ಕೇಳಿ ಎರಡು ಸಲ ತಿರುಗಿ ನೋಡಿದ. "ರೀ, ಮೈ ಸರಿ ಇಲ್ವಾ? ಒಂದಿನ ರಜ ಹಾಕ್ರಿ, ಫ್ಯಾಕ್ಟ್ರಿ ಏನು ಮುಳುಗಿ ಹೋಗಲ್ಲ" ಎಂದಳು ಅವಳು. "ಇವತ್ತು ಹಾಕೋ ಹಾಗಿಲ್ಲ. ಬೊಂಬಾಯಿಯಿಂದ ಸಾಹೇಬ್ರು ಬರ್ತಾರೆ. ಅವರಿಗೆ ಕನ್ನಡ ಬರಲ್ಲ. ಆಳುಗಳ ಮಾತನ್ನ ನಾನೇ ಇಂಗ್ಲಿಷಿನಲ್ಲಿ ಹೇಳ್ಬೇಕು" ಎಂದ. ಹೆಂಡತಿಗೆ ಅವನು ಇವತ್ತು ಹೇಳಿದ್ದು ಅಷ್ಟೇ. ನಾಲ್ಕು ದಿನದ ಹಿಂದೆ ಕುಲುಮೆ ಸಿಡಿದು ಕರಿಯಣ್ಣ ಎಂಬ ಆಳಿನ ಮುಖ ಸುಟ್ಟಿತು ಎಂಬುದನ್ನು ಹೇಳಿದ್ದ. ಆ ಕುಲುಮೆಯ ಪಕ್ಕದಲ್ಲಿ ನೇತುಹಾಕಿದ್ದ ಎಚ್ಚರಿಕೆಯ ಬೋರ್ಡಿನ ಕನ್ನಡ ತನ್ನದು ಎಂಬುದನ್ನು ಹೇಳಿರಲಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ದಿನವೂ ಹೋಗುವ ರೈಲು. ದಿನವೂ ಕೂರುವ ಕಿಟಕಿ. ತುಂಗೆಯ ಸೇತುವೆಯ ಮೇಲೆ ಗಾಡಿ ನಿಧಾನವಾದಾಗ ಪರಿಚಯದ ಗುಮಾಸ್ತರು ಎಂದಿನಂತೆ ಎಲೆ ಅಡಿಕೆ ಬಿಚ್ಚಿದರು. ಷಡಕ್ಷರಪ್ಪ ತೊಡೆಯ ಮೇಲಿದ್ದ ಚೀಲವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದ. ಒಳಗೆ ಇಂಗ್ಲಿಷ್ ಕನ್ನಡ ನಿಘಂಟು, ಬುತ್ತಿ. ನಿಘಂಟನ್ನು ಏಕೆ ತಂದೆ ಎಂದು ಅವನಿಗೇ ಗೊತ್ತಿರಲಿಲ್ಲ. ಕೇಳಿದರೆ ತೋರಿಸಬಹುದು, ನೋಡಿ ಸ್ವಾಮಿ, ಇಲ್ಲಿ ಅಚ್ಚಾಗಿದೆ, ನಾನು ಹುಟ್ಟಿಸಿದ್ದಲ್ಲ ಎಂದು. ಬೋರ್ಡಿಗೆಂದು ಹೆಡ್ ಆಫೀಸಿನಿಂದ ಬಂದಿದ್ದ ಇಂಗ್ಲಿಷ್ ಸಾಲು ಎಷ್ಟು ಚಿಕ್ಕದಾಗಿತ್ತು! ಡ್ಯಾಂಪ್ ಆದ ಗುಜರಿ ಕಬ್ಬಿಣವನ್ನು ಕುಲುಮೆಗೆ ಹಾಕಬಾರದು, ಅಷ್ಟೇ. ಆ ಒಂದು ಡ್ಯಾಂಪ್ ಅವನನ್ನು ಮೂರು ದಿನ ಕಾಡಿತ್ತು. ನಿಘಂಟು ತೆರೆದರೆ ಪದ ಒಂದು, ಸಂಸಾರ ದೊಡ್ಡದು. ತೇವ ಅಂದಿತು, ಒದ್ದೆ ಅಂದಿತು, ಹಸಿ ಅಂದಿತು, ಆರ್ದ್ರ ಅಂದಿತು. ಕೆಳಗೆ ಇಳಿದರೆ ಗಣಿಯೊಳಗಿನ ವಿಷಗಾಳಿ. ಇನ್ನೂ ಕೆಳಗೆ, ಉರಿಯನ್ನು ತಗ್ಗಿಸುವುದು, ಒಬ್ಬನ ಉತ್ಸಾಹವನ್ನು ಕುಗ್ಗಿಸುವುದು, ಮನಸ್ಸಿನ ಮಂಕು. ವಿಷಗಾಳಿಯನ್ನೂ ಮಂಕನ್ನೂ ಅವನು ಸುಲಭವಾಗಿ ದಾಟಿದ. ಕಬ್ಬಿಣಕ್ಕೆ ಮಂಕು ಕವಿಯುವುದಿಲ್ಲ ಎಂಬಷ್ಟು ಬುದ್ಧಿ ಅವನಿಗಿತ್ತು. ಸಿಕ್ಕಿಕೊಂಡದ್ದು ಮೊದಲಿನ ನಾಲ್ಕರಲ್ಲಿ. ಹಸಿ ಎಂದರೆ ಎರಕದವರ ಬಾಯಲ್ಲಿ ಅಚ್ಚು ಮಾಡುವ ಹಸಿಮರಳು, ಅದು ಬೇಡ. ತೇವ ಕಣ್ಣಿಗೆ ಸಂಬಂಧಿಸಿದ್ದು ಅನ್ನಿಸಿತು. ಉಳಿದದ್ದು ಒದ್ದೆ. ಒದ್ದೆ ಎಂದು ಪೆನ್ಸಿಲಿನಲ್ಲಿ ಬರೆದೂ ಇದ್ದ. ಬರೆದು, ಅದನ್ನೇ ನೋಡುತ್ತ ಕೂತು, ಕಿವಿ ಬಿಸಿಯಾಗಿ, ಅಳಿಸಿ ಹಾಕಿದ್ದ.

ಏಕೆಂದರೆ ಒದ್ದೆಯ ಹಿಂದೆ ಹೈಸ್ಕೂಲಿನ ಕನ್ನಡ ಪಂಡಿತ ಪರಮೇಶ್ವರಪ್ಪನವರು ನಿಂತಿದ್ದರು. ಅವರು ತೀರಿಕೊಂಡು ಹತ್ತು ವರ್ಷವಾಗಿದ್ದರೂ ಹಾಗೇ ನಿಂತಿದ್ದರು, ಜರಿಪೇಟ, ಮೂಗಿನ ತುದಿಯ ಕನ್ನಡಕ, ಕೈಯಲ್ಲಿ ಷಡಕ್ಷರಪ್ಪನ ಪ್ರಬಂಧದ ಪುಸ್ತಕ. "ಮಳೆ ಬಂದು ನೆಲವು ಒದ್ದೆಯಾಗಿತ್ತು" ಎಂದು ಅವರು ಇಡೀ ತರಗತಿಗೆ ಕೇಳುವಂತೆ ಓದಿದರು. "ಒದ್ದೆಯಾಗೋದು ಕೂಸಿನ ಚಡ್ಡಿ ಕಣಯ್ಯ. ಭೂಮಿ ಆರ್ದ್ರವಾಗ್ತದೆ. ಹೊಲಗೆಲಸದ ಭಾಷೇನ ಹೊಲದಲ್ಲೇ ಬಿಟ್ಟು ಬಾ." ನಲವತ್ತು ಜನ ನಕ್ಕರು. ಅವನ ಪಕ್ಕದಲ್ಲಿ ಕೂತವನು ಬೆಂಚನ್ನು ಮುಟ್ಟಿ ನೋಡಿ, ಒದ್ದೆ ಇದೆಯೇ ಎಂದು ಪರೀಕ್ಷಿಸಿದ ಹಾಗೆ ಮಾಡಿ ಇನ್ನಷ್ಟು ನಗಿಸಿದ. ಆಮೇಲೆ ಎರಡು ವರ್ಷ ಅವನ ಹೆಸರೇ ಒದ್ದೆ. ಅಂದಿನಿಂದ ಷಡಕ್ಷರಪ್ಪ ಬರೆಯುವಾಗ ಮನೆಯಲ್ಲಿ ಆಡುವ ಒಂದು ಮಾತೂ ಒಳಗೆ ನುಸುಳದಂತೆ ಬಾಗಿಲು ಕಾಯುತ್ತಿದ್ದ. ರಾಜ್ಯದ ಕಚೇರಿಗಳಲ್ಲೆಲ್ಲ ಕನ್ನಡ ಬರಬೇಕೆಂದು ಕಾನೂನಾಗಿ ಒಂದು ವರ್ಷವಾಗಿತ್ತು. ಕಾರ್ಖಾನೆಯಲ್ಲಿ ಕನ್ನಡವನ್ನು ಘನವಾಗಿ ಬರೆಯಬಲ್ಲವನು ತಾನೊಬ್ಬನೇ ಎಂಬ ಹೆಮ್ಮೆಯೂ ಇತ್ತು. ಸುಳ್ಳೇಕೆ, ತುಂಬ ಇತ್ತು. ಕೊನೆಗೆ ಬೋರ್ಡಿಗೆ ಬಿದ್ದ ಸಾಲು ಹೀಗಿತ್ತು: ಆರ್ದ್ರ ಲೋಹಖಂಡಗಳು ಅಗ್ನಿಕುಂಡದಲ್ಲಿ ನಿಕ್ಷೇಪಾರ್ಹವಲ್ಲ. ಅದನ್ನು ನೀಟಾಗಿ ಬರೆದು ಮ್ಯಾನೇಜರ್ ಚಂದ್ರಶೇಖರಪ್ಪನವರ ಮುಂದೆ ಇಟ್ಟಾಗ ಅವರು ಎರಡು ಸಲ ಓದಿ, "ಭೇಷ್! ಗಾಂಭೀರ್ಯ ಅಂದ್ರೆ ಇದು, ನೋಡ್ರಿ" ಎಂದು ಸಹಿ ಹಾಕಿದ್ದರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಎಂದು ಈಗ, ಗಾಡಿ ಭದ್ರಾವತಿಯ ಹೊಗೆಯೊಳಕ್ಕೆ ನುಗ್ಗುತ್ತಿರುವಾಗ, ಮೊದಲ ಬಾರಿಗೆ ಅನುಮಾನ ಬಂತು.

ಕಾರ್ಖಾನೆಯ ಗೇಟಿನಲ್ಲಿ ಮೂರ್ತಪ್ಪ ಮೇಸ್ತ್ರಿ ಎದುರಾದ. ಕುಲುಮೆಯ ಆಳುಗಳಿಗೆಲ್ಲ ಅವನೇ ಹಿರಿಯ. ದಿನಾ "ನಮಸ್ಕಾರ ಸ್ವಾಮಿ" ಎನ್ನುವವನು ಇವತ್ತು ಬೀಡಿ ಎಸೆದು ಸುಮ್ಮನೆ ನೋಡಿದ. ಆ ನೋಟದಲ್ಲಿ ಏನೂ ಇರಲಿಲ್ಲವೇನೋ. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ಷಡಕ್ಷರಪ್ಪನದು, ಅವನಿಗೆ ಅದರಲ್ಲಿ ಎಲ್ಲವೂ ಕಂಡಿತು. ಬೋರ್ಡು ಬರುವುದಕ್ಕೆ ಮುಂಚೆ ಈ ಮೂರ್ತಪ್ಪನೇ ಪ್ರತಿ ಪಾಳಿಯ ಮೊದಲಿಗೆ ಕುಲುಮೆಯ ಮುಂದೆ ನಿಂತು ಕೂಗುತ್ತಿದ್ದ: "ಒದ್ದೆ ಮಾಲು ಮುಟ್ಬ್ಯಾಡ್ರಲೋ! ನೀರು ಕುಡಿದಿರೋ ಪೈಪು ಒಳಕ್ಕೆ ಬಿದ್ರೆ ನಿಮ್ಮ ಹೆಂಡ್ರ ಕುಂಕುಮ ಹೋಗ್ತದೆ!" ತಮಿಳಿನ ಆಳುಗಳಿಗೆ ತಮಿಳಿನಲ್ಲಿ ಇನ್ನೊಮ್ಮೆ, ತೆಲುಗರಿಗೆ ತೆಲುಗಿನಲ್ಲಿ ಮತ್ತೊಮ್ಮೆ, ನಡುವೆ ಬಾಯಿಗೆ ಬಂದ ಬೈಗುಳ. ಆ ಕೂಗು ಆಫೀಸಿನ ಕಿಟಕಿಯವರೆಗೂ ಬಂದು ಷಡಕ್ಷರಪ್ಪನಿಗೆ ಮುಜುಗರವಾಗುತ್ತಿತ್ತು. ಬೋರ್ಡು ಏರಿದ ದಿನ ಅವನೇ ಮ್ಯಾನೇಜರಿಗೆ ಹೇಳಿದ್ದ, ಇನ್ನು ಈ ಸಂತೆಯ ಕೂಗು ಯಾಕೆ ಸರ್, ಬರಹದಲ್ಲೇ ಇದೆಯಲ್ಲ ಎಂದು. ಮ್ಯಾನೇಜರ್ ಮೂರ್ತಪ್ಪನನ್ನು ಕರೆಸಿ ಬಾಯಿ ಮುಚ್ಚಿಸಿದರು. ಹತ್ತು ತಿಂಗಳು ಕುಲುಮೆಯ ಮುಂದೆ ಗಾಂಭೀರ್ಯವಿತ್ತು. ಎಂಟು ತಿಂಗಳ ಹಿಂದೆ ಹೊಳೆಹೊನ್ನೂರಿನ ಗದ್ದೆ ಕೆಲಸ ಬಿಟ್ಟು ಬಂದು ಸೇರಿದ ಕರಿಯಣ್ಣ ಆ ಕೂಗನ್ನು ಒಮ್ಮೆಯೂ ಕೇಳಿರಲಿಲ್ಲ. ರಾತ್ರಿ ಮಳೆ ಬಂದಿತ್ತು. ಬೆಳಿಗ್ಗೆ ಅಂಗಳದ ಗುಜರಿಯಿಂದ ಒಂದು ಪೈಪಿನ ತುಂಡು ತಂದು ಕುದಿಯುವ ಕಬ್ಬಿಣಕ್ಕೆ ಹಾಕಿದ. ಒಳಗಿದ್ದ ಒಂದು ಚೊಂಬು ನೀರು ಆವಿಯಾಗಿ ಸಿಡಿಯಿತು. ಆಫೀಸಿನಲ್ಲಿ ಷಡಕ್ಷರಪ್ಪನ ಮಸಿಕುಡಿಕೆ ಉರುಳಿತು. ಅವನು ಮೊದಲು ಮಾಡಿದ ಕೆಲಸ ಕಾಗದ ಹಾಳಾಗದಂತೆ ಮಸಿಯನ್ನು ಒತ್ತಿ ಒರೆಸಿದ್ದು. ಅದು ನೆನಪಾದಾಗಲೆಲ್ಲ ಅವನಿಗೆ ತನ್ನ ಮೇಲೆ ಹೇಸಿಗೆಯಾಗುತ್ತಿತ್ತು.

"ಬನ್ನಿ ಷಡಕ್ಷರಪ್ಪನೋರೆ, ಕೂತ್ಕೊಳ್ಳಿ" ಎಂದರು ಚಂದ್ರಶೇಖರಪ್ಪನವರು. ಅವರು ಯಾವತ್ತೂ ಕೂತ್ಕೊಳ್ಳಿ ಎಂದವರಲ್ಲ. "ನೋಡ್ರಿ, ಸಾಹೇಬ್ರು ಬಂದಿದ್ದಾರೆ. ಪಾರ್ಸಿ ಮನುಷ್ಯ, ಶಿಸ್ತು ಅಂದ್ರೆ ಶಿಸ್ತು. ಅವರಿಗೆ ಬೇಕಾಗಿರೋದು ಒಂದೇ ಮಾತು. ಆ ಆಳಿಗೆ ಬೋರ್ಡು ಗೊತ್ತಿತ್ತೋ ಇಲ್ವೋ. ಗೊತ್ತಿದ್ದೂ ಹಾಕಿದ್ರೆ ತಪ್ಪು ಅವನದು. ಗೊತ್ತಿರ್ಲಿಲ್ಲ ಅಂದ್ರೆ..." ಅವರು ಮೇಜಿನ ಮೇಲಿದ್ದ ಕಡತವನ್ನು ಬೆರಳಿನಿಂದ ಅವನ ಕಡೆಗೆ ಸ್ವಲ್ಪ ನೂಕಿದರು. ಅದರಲ್ಲಿ ಅವನ ಅಕ್ಷರ, ಅವನ ಸಹಿ, ಅದರ ಕೆಳಗೆ ಅವರದು. "ಕರಡು ನಿಮ್ಮದು. ನಾನು ಹಾಕಿದ್ದು ಬರೀ ಸಹಿ. ನಿಮ್ಮನ್ನ ತೆಗೀಬೇಕು ಅಂತ ನನಗೇನು ಆಸೆಯಾ? ಇದ್ದದ್ದು ಇದ್ದ ಹಾಗೇ ಹೇಳಿ. ಇದ್ದದ್ದರಲ್ಲಿ ಎಷ್ಟು ಬೇಕೋ ಅಷ್ಟು ಹೇಳಿ. ಹಾವೂ ಸಾಯಬಾರದು, ಕೋಲೂ ಮುರೀಬಾರದು." ಷಡಕ್ಷರಪ್ಪ ತಲೆ ಅಲ್ಲಾಡಿಸಿದ. ಹೂಂ ಎಂದು ಅಲ್ಲಾಡಿಸಿದೆನೋ ಉಹೂಂ ಎಂದೋ ಅವನಿಗೆ ಗೊತ್ತಾಗಲಿಲ್ಲ. ನಲವತ್ತೆಂಟು ವರ್ಷ ವಯಸ್ಸು, ಬಾಡಿಗೆ ಮನೆ, ಈ ಒಂದು ಅಕ್ಷರವಿದ್ಯೆ ಬಿಟ್ಟರೆ ಕೈಗೆ ಏನೂ ಬಾರದು. ಕೆಲಸ ಹೋದ ದಿನ ತನ್ನ ಕೇರಿ ದುರ್ಗಿಗುಡಿಯಲ್ಲಿ ಜನ ಏನೆನ್ನುತ್ತಾರೆ ಎಂದು ಯೋಚಿಸಿದ. ಅವರು ಏನೆನ್ನುತ್ತಾರೆಂದರೆ, ಒದ್ದೆ.

ಆಸ್ಪತ್ರೆಗೆ ಜೀಪಿನಲ್ಲಿ ಹೋದರು. ಸಾಹೇಬರು ಎತ್ತರದ, ಬೆಳ್ಳಗಿನ, ತೆಳು ತುಟಿಯ ಮನುಷ್ಯ. ದಾರಿಯಲ್ಲಿ ಅವರು ಕೇಳಿದ್ದು ಒಂದೇ ಮಾತು, ಕುಲುಮೆಯ ಬಳಿ ಕಂಡ ಬೋರ್ಡಿನ ಮೇಲೆ ಕೆಂಪು ಬಿಳಿ ಬಣ್ಣ ಬಳಿದಿರುವುದು ಏಕೆ ಎಂದು. ಅದು ಕುಂಕುಮ ಮತ್ತು ವಿಭೂತಿ ಎಂದು ಮ್ಯಾನೇಜರ್ ನಗುತ್ತ ವಿವರಿಸಿದರು. ಆಯುಧಪೂಜೆಯಲ್ಲಿ ನಮ್ಮವರು ಸ್ಪ್ಯಾನರಿಗೂ ಹಚ್ಚುತ್ತಾರೆ, ಬೋರ್ಡನ್ನು ಬಿಡುತ್ತಾರೆಯೇ ಎಂದರು. ಷಡಕ್ಷರಪ್ಪನಿಗೂ ಆ ಪೂಜೆ ನೆನಪಿತ್ತು. ಬೋರ್ಡಿಗೆ ಚೆಂಡುಹೂವಿನ ಹಾರ ಬಿದ್ದದ್ದನ್ನು ನೋಡಿ ಅವತ್ತು ಅವನ ಎದೆ ಉಬ್ಬಿತ್ತು. ಹಬ್ಬ ಕಳೆದು ತಿಂಗಳಾದ ಮೇಲೂ ಬೋರ್ಡಿನ ಮೇಲೆ ಹೊಸ ಕುಂಕುಮ ಇರುತ್ತಿದ್ದದ್ದನ್ನೂ ಅವನು ನೋಡಿದ್ದ. ನೋಡಿಯೂ ಏಕೆ ಎಂದು ಯಾರನ್ನೂ ಕೇಳಿರಲಿಲ್ಲ. ಜೀಪು ಗುಂಡಿಗೆ ಬಿದ್ದು ಎದ್ದಿತು.

ಕರಿಯಣ್ಣ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಕಣ್ಣು, ಹಣೆ, ಎಡಗೈ ಎಲ್ಲ ಬಿಳಿ ಬಟ್ಟೆ. ಕಾಣುತ್ತಿದ್ದದ್ದು ಮೂಗಿನ ತುದಿ, ಊದಿದ ತುಟಿ. ಒಂದು ಕಣ್ಣು ಉಳಿಯಬಹುದು ಎಂದು ಡಾಕ್ಟರು ಹೇಳಿದರು. ಮಂಚದ ಕಾಲ ಹತ್ತಿರ ನೆಲದ ಮೇಲೆ ಅವನ ಹೆಂಡತಿ ವಸಂತಮ್ಮ ಕೂತಿದ್ದಳು. ಇವರನ್ನು ಕಂಡು ಎದ್ದು ಸೆರಗು ಹೊದ್ದು ಗೋಡೆಗೆ ಸರಿದಳು. "ಯಾರು?" ಎಂದ ಕರಿಯಣ್ಣ. "ನಾನಪ್ಪ, ಆಫೀಸಿನ ಷಡಕ್ಷರಪ್ಪ. ಸಾಹೇಬ್ರು ಬಂದಿದ್ದಾರೆ, ಎರಡು ಮಾತು ಕೇಳ್ತಾರೆ." ಕರಿಯಣ್ಣ ಎದ್ದು ಕೂರಲು ಹವಣಿಸಿ, ಆಗದೆ, ಬಲಗೈಯೊಂದನ್ನೇ ಎದೆಯ ಮೇಲಿಟ್ಟು ನಮಸ್ಕಾರದ ಹಾಗೆ ಮಾಡಿದ. "ಬೋರ್ಡು ಬರೆದೋರಲ್ವಾ ಸ್ವಾಮಿ ನೀವು? ನಿಮ್ಮ ಧ್ವನಿ ಗೊತ್ತು." ಸಾಹೇಬರು ಪುಸ್ತಕ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದು ಇಂಗ್ಲಿಷಿನಲ್ಲಿ ಕೇಳಿದರು: ಕುಲುಮೆಯ ಹತ್ತಿರ ಒಂದು ಬೋರ್ಡಿತ್ತು. ಇವನು ಅದನ್ನು ಓದಿದ್ದನೇ? ಷಡಕ್ಷರಪ್ಪ ಅದನ್ನು ಕನ್ನಡದಲ್ಲಿ ಕೇಳಿದ. ಕೇಳುತ್ತ, ಇವನಿಗೆ ಓದು ಬರದಿರಲಿ, ಓದೇ ಬರುವುದಿಲ್ಲ ಅನ್ನಲಿ, ಆಗ ಯಾವ ಕನ್ನಡ ಬರೆದಿದ್ದರೂ ಒಂದೇ ಎಂದು ಒಳಗೇ ಶಿವನನ್ನು ಬೇಡಿಕೊಂಡ.

"ಓದ್ದೆ ಇರ್ತೀನಾ ಸ್ವಾಮಿ? ಮೂರನೇ ಕ್ಲಾಸು ಓದೀನಿ ನಾನು" ಎಂದ ಕರಿಯಣ್ಣ. "ದಿನಾ ಓದ್ತಿದ್ದೆ. ಬಾಯಿಪಾಠ ಐತೆ." ಮತ್ತು ಯಾರೂ ಕೇಳದೆಯೇ, ಊದಿದ ತುಟಿಗಳನ್ನು ಕಷ್ಟಪಟ್ಟು ಕೂಡಿಸಿ, ರಾಗವಾಗಿ, ಒಂದು ಅಕ್ಷರವೂ ತಪ್ಪದಂತೆ ಹೇಳಿದ: "ಆರ್ದ್ರ ಲೋಹಖಂಡಗಳು ಅಗ್ನಿಕುಂಡದಲ್ಲಿ ನಿಕ್ಷೇಪಾರ್ಹವಲ್ಲ." ವಸಂತಮ್ಮ ಕೈ ಮುಗಿದಳು. ತಾನು ಬರೆದ ಸಾಲನ್ನು ಇಷ್ಟು ಶುದ್ಧವಾಗಿ ಯಾರ ಬಾಯಲ್ಲೂ ಷಡಕ್ಷರಪ್ಪ ಕೇಳಿರಲಿಲ್ಲ. ಕರಿಯಣ್ಣ ಉಸಿರು ತೆಗೆದುಕೊಂಡು ಮುಂದುವರಿಸಿದ, "ಸೇರಿದ ದಿನಾನೇ ನಮ್ಮೋರೆಲ್ಲ ಹೇಳಿದ್ರು, ಅದು ಬೆಂಕಿ ಶಾಂತಿಗೆ ಹಾಕ್ಸಿರೋ ಮಂತ್ರ, ಅಗ್ನಿಕುಂಡ ಅಂತ ಐತೆ ನೋಡು ಅಂತ. ಅದಕ್ಕೆ ಕೈ ಮುಗಿದೇ ಕೆಲಸ ಹಿಡಿಯೋದು ನಾವು. ಸೋಮವಾರ ಕುಂಕುಮ ಇಡ್ತಿದ್ದೆ. ಅವತ್ತೂ ಹೇಳ್ಕೊಂಡೇ ಹಾಕಿದ್ದು ಸ್ವಾಮಿ, ಆಣೆಗೂ. ಎಲ್ಲೋ ಉಚ್ಚಾರ ತಪ್ಪಿರ್ಬೇಕು." ಸಾಹೇಬರ ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಬಾಗಿಲ ಬಳಿ ನಿಂತಿದ್ದ ಚಂದ್ರಶೇಖರಪ್ಪನವರು ಕೆಮ್ಮಿದರು. ಷಡಕ್ಷರಪ್ಪ ಇಂಗ್ಲಿಷಿನಲ್ಲಿ ಹೇಳಿದ: ಓದಿದ್ದಾನಂತೆ ಸರ್. ದಿನವೂ ಓದುತ್ತಿದ್ದನಂತೆ. ಬಾಯಿಪಾಠವಾಗಿದೆಯಂತೆ.

ಒಂದು ಪದವೂ ಸುಳ್ಳಲ್ಲ. ಅದೇ ಅವನಿಗೆ ಹೆಚ್ಚು ಭಯ ತಂದಿತು. ಸುಳ್ಳು ಹೇಳಿದ್ದರೆ ನಾಲಿಗೆ ತೊದಲುತ್ತಿತ್ತೇನೋ. ನಿಜದ ಅರ್ಧವನ್ನು ಹೇಳುವಾಗ ಅದು ಎಂದಿಗಿಂತ ನಯವಾಗಿ ಓಡಿತು. ಇಷ್ಟು ಉದ್ದ ಮಾತಾಡಿದನಲ್ಲ, ಅಷ್ಟೇ ಹೇಳಿದ್ದೇ ಎಂದು ಸಾಹೇಬರು ಹುಬ್ಬೇರಿಸಿದರು. ಅಷ್ಟೇ ಸರ್, ಹಳ್ಳಿಯವರು ಹೇಳಿದ್ದನ್ನೇ ಹೇಳುತ್ತಾರೆ ಎಂದ. ಸಾಹೇಬರು ಬರೆದುಕೊಂಡರು. ಪೆನ್ನಿನ ಪರಪರ ಸದ್ದು. ಇನ್ನೇನು ಮುಗಿಯಿತು, ಪೆನ್ನಿನ ಮುಚ್ಚಳ ಹಾಕುತ್ತಾರೆ, ಜೀಪು, ಆಫೀಸು, ಸಂಜೆಯ ರೈಲು, ಮನೆ. ಉಮಾಮಹೇಶ್ವರಿ ಕಾಫಿ ಕೊಡುತ್ತಾಳೆ. ಎದೆ ಹಗುರಾಗಬೇಕಿತ್ತು, ಆಗಲಿಲ್ಲ. ಇವನಿಗೆ ಕಣ್ಣು ಕಟ್ಟಿದ್ದಾರೆ, ಇವನು ನನ್ನನ್ನು ನೋಡುತ್ತಿಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಮೇಲೆ ಆ ಮಾತೂ ತನಗೆ ಕೇಳಬಾರದಿತ್ತು ಅನ್ನಿಸಿತು.

"ಸ್ವಾಮಿ" ಎಂದ ಕರಿಯಣ್ಣ ಮೆಲ್ಲಗೆ. "ನೀವು ಬಂದಿದ್ದು ಒಳ್ಳೇದಾತು. ಕೇಳ್ಬೇಕು ಅಂತಿದ್ದೆ. ಅದು ಯಾವ ದೇವ್ರದು? ಅದರ ಅರ್ಥ ಏನು?"

ಯಾರೂ ಅವನನ್ನು ಇಷ್ಟು ಭಕ್ತಿಯಿಂದ ಏನನ್ನೂ ಕೇಳಿರಲಿಲ್ಲ. ಸಾಹೇಬರಿಗೆ ಕನ್ನಡ ತಿಳಿಯದು. ಮ್ಯಾನೇಜರ್ ಕಿಟಕಿಯಾಚೆ ನೋಡುತ್ತಿದ್ದರು. ಏನಾದರೂ ಹೇಳಬಹುದಿತ್ತು, ಶಿವನದು ಅನ್ನಬಹುದಿತ್ತು, ಆಮೇಲೆ ಹೇಳ್ತೀನಿ ಮಲಕ್ಕೊ ಅನ್ನಬಹುದಿತ್ತು. ಆದರೆ ಅನುವಾದ ಮಾಡಿ ಮಾಡಿ, ಅರ್ಥ ಕೇಳಿದವರಿಗೆ ಹೇಳಿಬಿಡುವುದು ಅವನ ಕೈಮೀರಿದ ಅಭ್ಯಾಸ. "ಒದ್ದೆ ಕಬ್ಬಿಣ ಕುಲುಮೆಗೆ ಹಾಕ್ಬೇಡಿ ಅಂತ" ಎಂದುಬಿಟ್ಟ. ಆ ಪದ ಬಾಯಿಂದ ಬಂದದ್ದು ಎಷ್ಟು ವರ್ಷಗಳ ಮೇಲೋ.

ಕರಿಯಣ್ಣನ ಬಲಗೈಯ ಬೆರಳುಗಳು ಹೊದಿಕೆಯ ಅಂಚನ್ನು ಹುಡುಕಿ ಹಿಡಿದುಕೊಂಡವು. "ಅಷ್ಟೇನಾ?" ಎಂದ ಕೊನೆಗೆ. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಷಡಕ್ಷರಪ್ಪ ಹೇಗೋ ತಡೆದುಕೊಳ್ಳುತ್ತಿದ್ದ. "ಅಷ್ಟನ್ನ ಹಂಗೇ ಬರೆದಿದ್ರೆ ಆಗ್ತಿತ್ತಲ್ಲ ಸ್ವಾಮಿ. ನಾನು ನೀರು ಒದ್ರಿ ಹಾಕ್ತಿದ್ದೆ."

ಇವನು ಈಗ ಏನು ಕೇಳಿದ ಎಂದರು ಸಾಹೇಬರು. ಪೆನ್ನಿನ ಮುಚ್ಚಳ ಇನ್ನೂ ಅವರ ಎಡಗೈಯಲ್ಲಿತ್ತು. ಷಡಕ್ಷರಪ್ಪನ ಗಂಟಲು ಒಣಗಿ ಅಂಟಿಕೊಂಡಿತ್ತು. ಒಣಗಿದ ಗಂಟಲಿಗೆ ಹೊಳೆದದ್ದನ್ನೇ ಅದು ಹೇಳಿತು. "ವಾಟರ್, ಸರ್. ವಾಟರ್ ಕೇಳ್ತಿದ್ದಾನೆ." ಸಾಹೇಬರು ಕೆಟ್ಟವರಲ್ಲ. ಪುಸ್ತಕವನ್ನು ಮಂಚದ ಮೇಲಿಟ್ಟು, ತಾವೇ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ, ಒಂದು ಕೈಯಲ್ಲಿ ಕರಿಯಣ್ಣನ ಕುತ್ತಿಗೆಯನ್ನು ಎತ್ತಿ ತುಟಿಗೆ ಹಿಡಿದರು. ಕರಿಯಣ್ಣ ಏನೆಂದು ತಿಳಿಯದೆ ಬೆಚ್ಚಿ, ಆಮೇಲೆ, ದೊಡ್ಡವರು ಕೊಟ್ಟದ್ದನ್ನು ಬೇಡ ಅನ್ನಬಾರದೆಂದು ಕುಡಿದ. ಅರ್ಧ ನೀರು ಊದಿದ ತುಟಿಯಿಂದ ಗಲ್ಲಕ್ಕೆ, ಕಟ್ಟಿದ ಬಟ್ಟೆಗೆ ಇಳಿಯಿತು. ಕೆಮ್ಮಿದ. ಬಿಡದೆ ಕುಡಿದ.

"ಅವ್ರು ನೀರು ಕೇಳ್ಲಿಲ್ಲ" ಎಂದಳು ವಸಂತಮ್ಮ.

ಗೋಡೆಗೆ ಒರಗಿದ್ದವಳು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಸೆರಗು ತಲೆಯಿಂದ ಜಾರಿದ್ದು ಅವಳಿಗೆ ಗೊತ್ತಿರಲಿಲ್ಲ. "ವಾಟರ್ ಅಂದ್ರಲ್ಲ ಸ್ವಾಮಿ ನೀವು. ನಮ್ಮ ಲೈನು ಮನೆಗಳಾಗೆ ವಾಟರ್ ಟ್ಯಾಂಕಿ ಐತೆ, ದಿನಾ ಹೋಗ್ತೀನಿ, ವಾಟರ್ ಅಂದ್ರೆ ನೀರು ಅಂತ ನಂಗೊತ್ತು. ಅವ್ರು ಕೇಳಿದ್ದು ಮಂತ್ರದ ಅರ್ಥ. ನೀರಲ್ಲ." ಚಂದ್ರಶೇಖರಪ್ಪನವರು, "ಏ ಸುಮ್ನಿರಮ್ಮ" ಎಂದರು. ಅವಳು ಸುಮ್ಮನಾದಳು. ಆದರೆ ಹಿಂದಕ್ಕೆ ಹೋಗಲಿಲ್ಲ. ಸಾಹೇಬರು ಲೋಟವನ್ನು ಕೈಯಲ್ಲಿ ಹಿಡಿದೇ ಅವಳನ್ನು ನೋಡಿದರು, ಮ್ಯಾನೇಜರನ್ನು ನೋಡಿದರು, ಕೊನೆಗೆ ಷಡಕ್ಷರಪ್ಪನನ್ನು ನೋಡಿದರು. ಈಕೆ ಏನನ್ನುತ್ತಾಳೆ ಎಂದು ಕೇಳಿದರು.

ಷಡಕ್ಷರಪ್ಪನಿಗೆ ಆಗ ಆದದ್ದು ಪಶ್ಚಾತ್ತಾಪವಲ್ಲ, ಧೈರ್ಯವಂತೂ ಅಲ್ಲವೇ ಅಲ್ಲ. ಈ ಹೆಂಗಸಿಗೆ ವಾಟರ್ ಗೊತ್ತು. ಇನ್ನೂ ಏನೇನು ಗೊತ್ತೋ? ರೀಡ್ ಗೊತ್ತೋ? ಬೋರ್ಡ್ ಗೊತ್ತು, ಬೋರ್ಡು ಎಲ್ಲರಿಗೂ ಗೊತ್ತು. ಮೀನಿಂಗ್ ಗೊತ್ತಿರಬಹುದೇ? ಅವಳು ಅವನ ಕಣ್ಣನ್ನು ನೋಡುತ್ತಿರಲಿಲ್ಲ, ನೇರವಾಗಿ ಅವನ ತುಟಿಗಳನ್ನೇ ನೋಡುತ್ತಿದ್ದಳು, ಬರುವ ಒಂದೊಂದು ಪದವನ್ನೂ ಹಿಡಿದು ನೋಡಿಯೇ ಬಿಡುವವಳ ಹಾಗೆ. ಮಂಚದ ಕಂಬಿಯನ್ನು ಹಿಡಿದುಕೊಂಡ. ಅವಳ ಮುಖದಿಂದ ಕಣ್ಣು ಕೀಳಲಾರದೆ, ಇಂಗ್ಲಿಷಿನಲ್ಲಿ, ಅವಳಿಗೂ ಸಿಗಲಿ ಎಂಬಂತೆ ಒಂದೊಂದೇ ಪದವನ್ನು ಬಿಡಿಸಿ ಬಿಡಿಸಿ, ಅವನು ನೀರು ಕೇಳಲಿಲ್ಲ ಸರ್, ಎಂದು ಮೊದಲಿನಿಂದ ಹೇಳತೊಡಗಿದ. ಮಂತ್ರ ಎಂದುಕೊಂಡದ್ದನ್ನು, ಕುಂಕುಮವನ್ನು, ಮೂರ್ತಪ್ಪನ ಕೂಗು ನಿಂತದ್ದನ್ನು, ಅಷ್ಟೇನಾ ಎಂದದ್ದನ್ನು ಒಂದನ್ನೂ ಬಿಡದೆ ಹೇಳಿದ. ಪ್ರತಿ ವಾಕ್ಯ ಮುಗಿದಾಗಲೂ ಸರಿಯಾಯಿತೇ ಎಂದು ಅವಳ ಕಡೆಗೇ ನೋಡಿದ.